ಲೇಡೀಸ್ ಫೋಲ್ಡರ್

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ 'ಲೇಡೀಸ್' ಅಂತ ಒಂದು ಫೋಲ್ಡರ್ ಉಂಟು. 'ಜೆಂಟ್ಸ್' ಅಂತ ಇಲ್ಲ.

ಇದು ನನ್ನ ಕಣ್ಣಿಗೆ ಬೀಳಲು 18 ವರ್ಷ ಬೇಕಾಯಿತು. ಅದೂ ನಾನಾಗಿ ಕಂಡದ್ದಲ್ಲ, ಅಕ್ಕನ ಮಗಳು ತೋರಿಸಿದ್ದು.

ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನರ್. ಡಿಸೈನರ್ ಅಂದ ಕೂಡಲೇ ದೊಡ್ಡ ಜನ ಅಂದುಕೊಳ್ಳಬೇಡಿ. ಮದುವೆಗೆ ಸ್ವಾಗತ ಬ್ಯಾನರ್, ದೇವಸ್ಥಾನದ ಬ್ರಹ್ಮಕಲಶಕ್ಕೆ ಶುಭ ಕೋರುವ ಬ್ಯಾನರ್, ಸೀರೆ ಅಂಗಡಿಯ ಆಟಿ ತಿಂಗಳ ಡಿಸ್ಕೌಂಟ್, ಹಲ್ಲಿನ ಡಾಕ್ಟರ ಬೋರ್ಡು, ಕಬಡ್ಡಿ ಪಂದ್ಯ, ಸತ್ತವರಿಗೆ ಶ್ರದ್ಧಾಂಜಲಿ. ಎಲ್ಲ ಒಂದೇ ಕುರ್ಚಿಯಲ್ಲಿ ಕೂತು ಮಾಡುವುದು. ರೇಟು ಅಡಿ ಲೆಕ್ಕದಲ್ಲಿ. ಫ್ಲೆಕ್ಸ್ ಹಾಕಬಾರದು ಅಂತ 2016ರಲ್ಲೇ ಸರ್ಕಾರದ ಆದೇಶ ಬಂದಿದೆ, ಆಮೇಲೆ ಬಟ್ಟೆಯ ಬ್ಯಾನರೂ ಬಂದಿದೆ. ಆ ಕಥೆ ಬೇರೆ. ಅದನ್ನು ಬರೆಯಲು ಹೊರಟರೆ ನನ್ನ ಕೆಲಸ ಹೋಗುತ್ತದೆ.

ಅಕ್ಕನ ಮಗಳು ಇಲ್ಲೇ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ರಜೆಯಲ್ಲಿ ಒಂದು ತಿಂಗಳು ನಮ್ಮ ಅಂಗಡಿಗೆ ಕೆಲಸ ಕಲಿಯಲು ಬಂದಿದ್ದಳು. ಒಂದು ದಿನ ಬೆಳಿಗ್ಗೆ ಯಾವುದೋ ಟ್ಯೂಷನ್ ಸೆಂಟರಿನ ಬ್ಯಾನರ್ ಮಾಡುತ್ತಿದ್ದವಳು, "ಚಿಕ್ಕಮ್ಮ, ಗಂಡಸರ ಫೋಟೋ ಎಲ್ಲುಂಟು?" ಅಂತ ಕೇಳಿದಳು.

"ಯಾವ ಗಂಡಸು ಬೇಕು? ಡಾಕ್ಟರ್ ಬೇಕಿದ್ರೆ ಹಾಸ್ಪಿಟಲ್ ಫೋಲ್ಡರ್. ಇಂಜಿನಿಯರ್ ಬೇಕಿದ್ರೆ ಕನ್‌ಸ್ಟ್ರಕ್ಷನ್. ಕೋಟು ಹಾಕಿದವ ಬೇಕಿದ್ರೆ ಬ್ಯುಸಿನೆಸ್. ರೈತ ಬೇಕಿದ್ರೆ ಅಗ್ರಿಕಲ್ಚರ್."

"ಹೆಂಗಸರು?"

"ಲೇಡೀಸ್."

ಅವಳು ನನ್ನ ಮುಖ ನೋಡಿದಳು. ನಾನು ಸ್ಕ್ರೀನ್ ನೋಡಿದೆ.

ಆ ಫೋಲ್ಡರಿನ ಒಳಗೆ ಇನ್ನಷ್ಟು ಫೋಲ್ಡರುಗಳಿವೆ. ಸೀರೆ. ಗೋಲ್ಡ್. ಮದುಮಗಳು. ಕಿಚನ್. ಪ್ರೆಗ್ನೆಂಟ್. ಹೆಡ್‌ಸೆಟ್. ಸ್ಯಾಡ್. ಇವೆಲ್ಲ ನಾನೇ ಇಟ್ಟ ಹೆಸರು. ಯಾವ ಗಂಡಸೂ ಹಿಂದೆ ನಿಂತು ಹೀಗೇ ಇಡು ಅಂತ ಹೇಳಿದ್ದಿಲ್ಲ.

ಹೆಡ್‌ಸೆಟ್ ಅಂದರೆ ನಿಮಗೆಲ್ಲ ಗೊತ್ತಿರುವ ಹುಡುಗಿಯೇ. ಬ್ಯಾನರಿನ ಕೆಳಗೆ ಮೂಲೆಯಲ್ಲಿ ಫೋನ್ ನಂಬರ್ ಇರುತ್ತದೆ, ಪಕ್ಕದಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಹಲ್ಲು ಬಿಟ್ಟು ನಗುವ ಹುಡುಗಿ. ಬೋರ್‌ವೆಲ್ ಕೊರೆಯುವವರ ಬ್ಯಾನರಿನಲ್ಲೂ ಅವಳೇ, ಸೆಪ್ಟಿಕ್ ಟ್ಯಾಂಕ್ ಕ್ಲೀನ್ ಮಾಡುವವರ ಬ್ಯಾನರಿನಲ್ಲೂ ಅವಳೇ. ಆ ನಂಬರಿಗೆ ಫೋನ್ ಮಾಡಿ ನೋಡಿ. ಲಾರಿಯ ಸದ್ದಿನ ನಡುವೆ ಒಬ್ಬರು ಅಣ್ಣ "ಹಲೋ, ಯಾರು ಮಾರ್ರೆ, ಜೋರು ಮಾತಾಡಿ" ಅಂತ ಕಿರುಚುತ್ತಾರೆ.

'ಸ್ಯಾಡ್' ಫೋಲ್ಡರಿನಲ್ಲಿರುವುದು ಮೊಣಕಾಲಿಗೆ ಮುಖ ಒತ್ತಿ ಕೂತ ಹುಡುಗಿ, ಅಂಗೈ ಮುಂದೆ ಚಾಚಿ 'ಬೇಡ' ಅನ್ನುವ ಹುಡುಗಿ, ನೆರಳು ಮಾತ್ರ ಕಾಣುವ ಹುಡುಗಿ. ದೌರ್ಜನ್ಯ ತಡೆ, ಸಹಾಯವಾಣಿ, ಜಾಗೃತಿ ಕಾರ್ಯಕ್ರಮ ಅಂತ ಬ್ಯಾನರ್ ಬಂದರೆ ಇದನ್ನು ತೆರೆಯುವುದು. ಹೊಡೆದವನ ಫೋಟೋ ಯಾವ ಫೋಲ್ಡರಿನಲ್ಲೂ ಇಲ್ಲ. ಅವನನ್ನು ಯಾರೂ ಕೇಳಿದ್ದೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಫೋಲ್ಡರಿನಲ್ಲಿ ಅಶ್ಲೀಲ ಅನ್ನುವಂಥದ್ದು ಒಂದೂ ಇಲ್ಲ. ನಮ್ಮ ಗಿರಾಕಿಗಳು ಬಹಳ ಮರ್ಯಾದಸ್ಥರು. ಸೆರಗು ಒಂದಿಂಚು ಜಾರಿದ್ದರೂ "ಅದೊಂದು ಸರಿ ಮಾಡಿ ಮೇಡಂ" ಅನ್ನುತ್ತಾರೆ. ಹೆಂಗಸರನ್ನು ಅಸಭ್ಯವಾಗಿ ತೋರಿಸಬಾರದು ಅಂತ 1986ರಲ್ಲೇ ಕೇಂದ್ರದ ಕಾನೂನು ಬಂದಿದೆ. ಜಾಹೀರಾತೂ ಅದರೊಳಗೆ ಬರುತ್ತದೆ. ಹೀನಾಯವಾಗಿ ತೋರಿಸಬಾರದು ಅನ್ನುವ ಮಾತೂ ಅದರಲ್ಲಿ ಉಂಟು. ಆದರೆ ನಮ್ಮಲ್ಲಿ ಜಗಳ ಏಳುವುದು ಬಟ್ಟೆ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವುದಕ್ಕೆ. ನನ್ನ ಫೋಲ್ಡರಿನ ಹೆಂಗಸರೆಲ್ಲ ಮೈತುಂಬ ಬಟ್ಟೆ ತೊಟ್ಟವರು. ಅವರ ಮೇಲೆ ಯಾರೂ ಕೇಸು ಹಾಕುವುದಿಲ್ಲ.

ಅಕ್ಕನ ಮಗಳು ಮರುದಿನ ಬಸ್ಸಿನಲ್ಲಿ ಇನ್ನೊಂದು ಶುರು ಮಾಡಿದಳು. ನಮ್ಮದು ಸುರತ್ಕಲ್. ಅಲ್ಲಿಂದ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿಗೆ ಹೋಗುವ ಬಸ್ಸು ಹತ್ತಿದರೆ ಕುಳಾಯಿ, ಬೈಕಂಪಾಡಿ, ಪಣಂಬೂರು, ಕೂಳೂರು, ಕೊಟ್ಟಾರ ಚೌಕಿ, ಲೇಡಿಹಿಲ್, ಲಾಲ್‌ಬಾಗ್ ಅಂತ ದಾರಿಯುದ್ದಕ್ಕೂ ಹೋರ್ಡಿಂಗು. ಎಷ್ಟರಲ್ಲಿ ಹೆಂಗಸರಿದ್ದಾರೆ ಅಂತ ಎಣಿಸುತ್ತೇನೆ ಅಂದಳು. ಪಣಂಬೂರು ದಾಟುವಷ್ಟರಲ್ಲಿ ಲೆಕ್ಕ ತಪ್ಪಿತು. ಕಂಡಕ್ಟರ್ ಬೇರೆ "ಎದುರು ಹೋಗಿ, ಎದುರು ಹೋಗಿ" ಅಂತ ತಳ್ಳುತ್ತಿದ್ದ. ಆಗ ಅವಳು ಎಣಿಕೆ ಬಿಟ್ಟು ಹೇಳಿದ್ದು ಇಷ್ಟು: "ಚಿಕ್ಕಮ್ಮ, ಕಣ್ಣು ನೋಡಿ."

ನೋಡಿದೆ. ಚಿನ್ನದ ಮದುಮಗಳು ನೆಲ ನೋಡುತ್ತಾಳೆ. ಇನ್ನೊಬ್ಬಳು ತನ್ನ ಬಳೆಯನ್ನೇ ನೋಡುತ್ತಾಳೆ. ಸೀರೆಯವಳು ಎಲ್ಲೋ ಆಕಾಶ ನೋಡುತ್ತಾಳೆ. ಅಪಾರ್ಟ್‌ಮೆಂಟಿನ ಹೋರ್ಡಿಂಗಿನಲ್ಲಿ ಹೆಂಡತಿ ಗಂಡನನ್ನು ನೋಡುತ್ತಾಳೆ, ಗಂಡ ಕಟ್ಟಡವನ್ನು ನೋಡುತ್ತಾನೆ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸಿನಲ್ಲಿ ಬಿಳಿ ಅಂಗಿ ಹಾಕಿದ ಮುಖಂಡರು ಮಾತ್ರ ಸೀದಾ ರಸ್ತೆಗೆ ಕಣ್ಣು ನೆಟ್ಟಿದ್ದಾರೆ. ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತಾಗ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಆ ಫ್ಲೆಕ್ಸೂ ನಾನೇ ಮಾಡಿದ್ದು.

ಇದಕ್ಕೊಂದು ಹೆಸರೂ ಉಂಟಂತೆ, ಗಂಡು ನೋಟ ಅಂತ. ಲಾರಾ ಮಲ್ವೀ ಅಂತ ಬ್ರಿಟನ್ನಿನ ಒಬ್ಬರು ಸಿನಿಮಾ ವಿಮರ್ಶಕಿ 1975ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದಾರೆ. ಸಿನಿಮಾದಲ್ಲಿ ನೋಡುವವ ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮೆರಾ ಅವನ ಕಣ್ಣಾಗುತ್ತದೆ, ಕೂತು ನೋಡುವ ನಾವೂ ಅದೇ ಕಣ್ಣಿನಿಂದ ನೋಡಲು ಕಲಿಯುತ್ತೇವೆ ಅಂತ. ಹುಡುಗಿ ಇದನ್ನು ಹೇಳುವಾಗ ನನಗೆ ನೆನಪಾದದ್ದು ಬೇರೆ. ಫೇರ್ ಅಂಡ್ ಲವ್ಲಿ ಕ್ರೀಮು ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದೂ ಅದೇ 1975ರಲ್ಲಿ. ಕ್ರೀಮು ಸುರತ್ಕಲ್ ತಲುಪಲು ಹೆಚ್ಚು ದಿನ ಹಿಡಿಯಲಿಲ್ಲ. ಪ್ರಬಂಧ ಈಗ ತಲುಪಿತು ನೋಡಿ, ಬಸ್ಸಿನಲ್ಲಿ ನಿಂತುಕೊಂಡು.

ಕ್ರೀಮಿನ ಹೆಸರು 2020ರಲ್ಲಿ ಬದಲಾಯಿತು, ಗ್ಲೋ ಅಂಡ್ ಲವ್ಲಿ ಅಂತ. ಅದಕ್ಕೂ ಮೊದಲು, 2014ರಲ್ಲಿ, ಜಾಹೀರಾತಿನವರೇ ಸೇರಿ ಕಟ್ಟಿಕೊಂಡ ಎಎಸ್‌ಸಿಐ ಅನ್ನುವ ಸಂಸ್ಥೆ ಒಂದು ನಿಯಮ ತಂದಿತ್ತು. ಮೈಬಣ್ಣ ಕಪ್ಪಿದ್ದವರು ದುಃಖದಲ್ಲಿದ್ದಾರೆ, ಕೆಲಸ ಸಿಗದೆ ಮದುವೆಯಾಗದೆ ಉಳಿದಿದ್ದಾರೆ ಅನ್ನುವ ಹಾಗೆ ತೋರಿಸಬಾರದು ಅಂತ. 2022ರಲ್ಲಿ ಇನ್ನೊಂದು ಬಂತು. ಮನೆಯವರೆಲ್ಲ ಸೇರಿ ಗಲೀಜು ಮಾಡಿ ಹೆಂಗಸು ಒಬ್ಬಳೇ ಒರೆಸುವ ಹಾಗೆ ತೋರಿಸುವುದೂ ಸರಿಯಲ್ಲ ಅಂತ. ಒಳ್ಳೆಯದೇ. ಟಿವಿಯ ದೊಡ್ಡ ಕಂಪನಿಗಳು ಸ್ವಲ್ಪ ಹೆದರುತ್ತವೆ, ಸ್ವಲ್ಪ ಬದಲಾಗುತ್ತವೆ. 1994ರ ಕ್ಯಾಡ್‌ಬರಿ ಜಾಹೀರಾತು ನೆನಪುಂಟಲ್ಲ, ಅವನು ಸಿಕ್ಸ್ ಹೊಡೆದಾಗ ಹುಡುಗಿ ಮೈದಾನಕ್ಕೆ ಕುಣಿಯುತ್ತಾ ಓಡುವುದು? 2021ರಲ್ಲಿ ಅದನ್ನೇ ತಿರುಗಿಸಿ ಮಾಡಿದರು. ಸಿಕ್ಸ್ ಹೊಡೆಯುವವಳು ಅವಳು, ಕುಣಿಯುವವನು ಅವನು. ಅಂಗಡಿಯಲ್ಲಿ ನಾವೆಲ್ಲ ಮೊಬೈಲಿನಲ್ಲಿ ಎರಡೆರಡು ಸಲ ನೋಡಿದೆವು. ನೋಡಿ, ಮೊಬೈಲ್ ಇಟ್ಟು, ನಾನು ಒಬ್ಬಳು ಮದುಮಗಳ ಮುಖ ಬಿಳಿ ಮಾಡಲು ಕೂತೆ.

ಬಿಳಿ ಮಾಡುವುದು ಹೇಗೆ ಅಂತ ಹೇಳುತ್ತೇನೆ. ನಮ್ಮ ಮೆಷಿನಿಗೆ ನಾಲ್ಕು ಬಣ್ಣ. ಸಯಾನ್, ಮಜೆಂಟಾ, ಹಳದಿ, ಕಪ್ಪು. ನಮ್ಮ ಊರಿನ ಬಿಸಿಲು ತಿಂದ ಮುಖದಲ್ಲಿ ಸಯಾನ್ ಮತ್ತು ಕಪ್ಪು ಜಾಸ್ತಿ ಇರುತ್ತದೆ. ಮುಖವನ್ನು ಮಾತ್ರ ಸೆಲೆಕ್ಟ್ ಮಾಡಿ ಅವೆರಡನ್ನು ಇಳಿಸಬೇಕು. ಆಮೇಲೆ ಕರ್ವ್ಸ್ ಅನ್ನುವ ಟೂಲಿನಲ್ಲಿ ಇನ್ನೂ ಸ್ವಲ್ಪ ತಿಳಿ ಮಾಡಬೇಕು. ಕೈ ಮರೆಯಬಾರದು. ಹೊಸದಾಗಿ ಸೇರಿದ ಹುಡುಗರು ಮುಖ ಬಿಳಿ ಮಾಡಿ ಕೈ ಹಾಗೇ ಬಿಡುತ್ತಾರೆ. ಆಗ ಮದುಮಗಳಿಗೆ ಇನ್ಯಾರದೋ ಕೈ ಜೋಡಿಸಿದ ಹಾಗೆ ಕಾಣುತ್ತದೆ. ಮದುಮಗನದ್ದು? ಕೇಳಿದರೆ ಮಾಡುತ್ತೇವೆ. ಮದುಮಗಳದ್ದು ಕೇಳದೆಯೇ ಮಾಡುತ್ತೇವೆ.

ನನಗೆ ಚುಚ್ಚುವುದು ಇದೇ. ಯಾರಾದರೂ ಕೇಳಿದರೆ "ಎಂತ ಮಾಡುದು, ಗಿರಾಕಿ ಕೇಳ್ತಾರೆ" ಅಂತ ನಾನು ಹೇಳುತ್ತಾ ಬಂದವಳು. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಸಲ ಗಿರಾಕಿ ಏನೂ ಕೇಳಿರುವುದಿಲ್ಲ. ಗ್ರೈಂಡರ್ ರಿಪೇರಿ ಅಂಗಡಿಯವರು ಬರುತ್ತಾರೆ, "ಒಂದು ಬೋರ್ಡ್ ಮಾಡಿ ಕೊಡಿ, ಸಂಜೆಗೆ ಬೇಕು" ಅನ್ನುತ್ತಾರೆ, ಹೋಗುತ್ತಾರೆ. ಗ್ರೈಂಡರ್ ಪಕ್ಕ ಹೆಂಗಸನ್ನು ನಿಲ್ಲಿಸುವುದು ನಾನು. ರಿಪೇರಿಯ ಸ್ಪ್ಯಾನರನ್ನು ಗಂಡಸಿನ ಕೈಗೆ ಕೊಡುವುದೂ ನಾನು. ಪುರುಸೊತ್ತಿಲ್ಲ, ಕೈಗೆ ಮೊದಲು ಸಿಕ್ಕಿದ್ದು ಅದು.

ಶ್ರದ್ಧಾಂಜಲಿಯ ಒಂದು ಸಂಗತಿ ಹೇಳಬೇಕು.

ಎರಡು ವರ್ಷದ ಹಿಂದೆ ಒಬ್ಬರು ಬಂದರು. ತಾಯಿ ತೀರಿಕೊಂಡಿದ್ದರು. ಕೈಯಲ್ಲಿ ಯಾವುದೋ ಮದುವೆಯ ಗ್ರೂಪ್ ಫೋಟೋ, ಅದರಲ್ಲಿ ಎರಡನೇ ಸಾಲಿನಲ್ಲಿ ಅಮ್ಮ. ಬೀಡಿ ಕಟ್ಟುವ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಅಮ್ಮನೂ ಬೀಡಿ ಕಟ್ಟಿದವರೇ. ಕೂತಲ್ಲೇ ಭುಜ ಮುಂದೆ ಬಾಗಿರುತ್ತದೆ, ತೋರುಬೆರಳು ಮತ್ತು ಹೆಬ್ಬೆರಳು ಸುಮ್ನೆ ಇರುವಾಗಲೂ ಏನನ್ನೋ ಸುರುಳಿ ಸುತ್ತುವ ಹಾಗೆ ಇರುತ್ತವೆ. ಇಡೀ ಜಿಲ್ಲೆಯ ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಕಟ್ಟು ಮಾಡಿ ಬೀಡಿ ಕಂಪನಿಯ ಬ್ರ್ಯಾಂಚಿಗೆ ಕೊಟ್ಟು ಮಕ್ಕಳ ಫೀಸು ಕಟ್ಟಿದ್ದಾರೆ. ಬೀಡಿಯ ಗೋಡೆ ಜಾಹೀರಾತು ನಾನು ಚಿಕ್ಕಂದಿನಿಂದ ಎಷ್ಟೋ ನೋಡಿದ್ದೇನೆ. ಬೀಡಿ ಕಟ್ಟುವವಳನ್ನು ಯಾವ ಗೋಡೆಯಲ್ಲೂ ಕಂಡಿಲ್ಲ.

ಮಗ ಹೇಳಿದರು, "ಸ್ವಲ್ಪ ಬೆಳ್ಳಗೆ ಮಾಡಿ. ಮತ್ತೆ ಕೊರಳಿಗೆ ಒಂದು ಸರ ಹಾಕ್ಲಿಕ್ಕೆ ಆಗ್ತದಾ? ಬೋಳು ಕಾಣ್ತದೆ."

ಆಗುತ್ತದೆ. 'ಗೋಲ್ಡ್' ಫೋಲ್ಡರಿನಲ್ಲಿ ಸರದ ಫೋಟೋ ಬೇಕಾದಷ್ಟುಂಟು, ಹಿನ್ನೆಲೆ ತೆಗೆದು ಇಟ್ಟದ್ದು. ಒಂದು ಎರಡೆಳೆಯ ಸರ ತಂದು ಕೊರಳಿಗೆ ಕೂರಿಸಿದೆ, ನೆರಳು ಕೊಟ್ಟೆ. ಸುಕ್ಕು ತೆಗೆದೆ. ಭುಜದ ಬಾಗು ಕೂಡ ಸ್ವಲ್ಪ ನೆಟ್ಟಗೆ ಮಾಡಿದೆ. ಅದನ್ನು ಅವರು ಕೇಳಿರಲಿಲ್ಲ. ಹಿಂದೆ ಮೋಡ, ದೀಪ, ಬಿಳಿ ಹೂವು ಇಟ್ಟೆ. ಮಗ ನೋಡಿ ಕಣ್ಣು ಒರೆಸಿಕೊಂಡರು. ಒಳ್ಳೆಯವರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮುಂಚಿನ ದಿನ ಫ್ರೇಮ್ ಹಾಕಿದ ಫೋಟೋ ತೆಗೆದುಕೊಂಡು ಹೋಗಲು ಮಗಳು ಬಂದರು. ನನ್ನ ಪ್ರಾಯದವರೇ. ಕಾಗದ ಬಿಚ್ಚಿ ನೋಡಿ ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬೆರಳಿನಲ್ಲಿ ಸರ ಮುಟ್ಟಿದರು.

"ಇದು ಅಮ್ಮನ ಸರ ಅಲ್ಲ."

"ಅಣ್ಣ ಹೇಳಿದ್ರು, ಹಾಕ್ಲಿಕ್ಕೆ," ಅಂದೆ.

"ಅಮ್ಮನದ್ದು ಅಡವಿಟ್ಟದ್ದು. ಅಣ್ಣ ಗಲ್ಫಿಗೆ ಹೋಗುವಾಗ. ಬಿಡಿಸ್ಲಿಕ್ಕೆ ಆಗ್ಲಿಲ್ಲ."

ಬೇರೇನೂ ಹೇಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಫೋಟೋವನ್ನು ಅದೇ ಕಾಗದದಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮೊದಲಿನ ಫೋಟೋ ನನ್ನ ಹತ್ತಿರ ಇನ್ನೂ ಉಂಟು. ಬೋಳು ಕೊರಳು, ಬಾಗಿದ ಭುಜ, ಕ್ಯಾಮೆರಾದವನ ಮೇಲೆ ಏನೋ ಸಂಶಯ ಇದ್ದ ಹಾಗೆ ಒಂದು ನೋಟ. ಮೂಲಪ್ರತಿ ಅಳಿಸುವ ಅಭ್ಯಾಸ ನನಗಿಲ್ಲ, ಅಷ್ಟೇ ಸಮಾಧಾನ.

ಪಂಚಾಯತ್ ಚುನಾವಣೆಯ ಸಮಯದಲ್ಲಿ ನಮ್ಮ ಅಂಗಡಿ ನೋಡಬೇಕು. ಕರ್ನಾಟಕದ ಪಂಚಾಯತ್‌ಗಳಲ್ಲಿ ಹೆಂಗಸರಿಗೆ ಅರ್ಧ ಸೀಟು, ಶೇ. 50. ಹಾಗಾಗಿ ಗೆದ್ದವರ ಅಭಿನಂದನೆಯ ಫ್ಲೆಕ್ಸಿನಲ್ಲಿ ಅರ್ಧ ಹೆಂಗಸರದ್ದೇ ಇರಬೇಕಲ್ವಾ? ಇರುತ್ತದೆ. ಅವಳ ಫೋಟೋ, ಪಕ್ಕದಲ್ಲಿ ಗಂಡನ ಫೋಟೋ. ಅಳತೆ ಒಂದೇ. ಕೆಲವೊಮ್ಮೆ ಅವನದ್ದು ಕೈ ಮುಗಿದ ಫೋಟೋ, ಅವಳದ್ದು ಆಧಾರ್ ಕಾರ್ಡಿನಿಂದ ತೆಗೆದ ಫೋಟೋ. ಗೆದ್ದವಳ ಹೆಸರಿನ ಜೊತೆ ಗಂಡನ ಹೆಸರು ಬರುತ್ತದೆ. ಗೆದ್ದವನ ಹೆಸರಿನ ಜೊತೆ ಹೆಂಡತಿಯ ಹೆಸರು ನಾನು ಈವರೆಗೆ ಟೈಪ್ ಮಾಡಿಲ್ಲ. ತಮಾಷೆ ಅಂದರೆ ಅಳಿಯಸಂತಾನದ ಊರು ನಮ್ಮದು, ವಂಶ ಲೆಕ್ಕ ಹಾಕುವುದು ತಾಯಿಯಿಂದ. ಮದುವೆಯ ಮಾತು ಬಂದರೆ ನಮ್ಮಲ್ಲಿ 'ಬರಿ', ಅಂದರೆ ಕುಲ, ಕೇಳುವುದು ತಾಯಿಯ ಕಡೆಯಿಂದ. ಫ್ಲೆಕ್ಸಿಗೆ ಅದು ಗೊತ್ತಿಲ್ಲ.

ಮಾರ್ಚ್ 8ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಲಾಬಿ ಬಣ್ಣ, ಮೇಲೆ ಉದ್ದ ಕೂದಲಿನ ನೆರಳು ಮುಖ, ಕೆಳಗೆ ರಂಗೋಲಿ ಸ್ಪರ್ಧೆ, ಅಡುಗೆ ಸ್ಪರ್ಧೆ, ಅದರ ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಅಂತ ಮೀಸೆಯ ಸಾಲು. ಫೈಲು ಪ್ರತಿ ವರ್ಷ ಅದೇ. ಇಸವಿ ಮಾತ್ರ ಬದಲಿಸುತ್ತೇನೆ.

ಯಕ್ಷಗಾನದ ಬ್ಯಾನರ್ ಮಾಡುವುದು ಮಾತ್ರ ನನಗೆ ಇಷ್ಟ. ಅಲ್ಲೂ ಒಂದು ಮಜಾ ಉಂಟು. ನಮ್ಮ ಅಂಗಡಿಯಲ್ಲಿರುವ ಹೆಣ್ಣಿನ ಫೋಟೋಗಳಲ್ಲೆಲ್ಲ ಬಹಳ ಚಂದದ್ದು ಒಂದು ಸ್ತ್ರೀವೇಷದ್ದು, ಅಂದರೆ ಒಬ್ಬರು ಗಂಡಸಿನದ್ದು. ಮೇಳಗಳಲ್ಲಿ ಹೆಣ್ಣಿನ ಪಾತ್ರ ಗಂಡಸರೇ ಮಾಡುತ್ತಾ ಬಂದದ್ದು, ಈಗ ಮಹಿಳಾ ತಂಡಗಳೂ ಇವೆ. ಆ ಕಲಾವಿದರ ಹೆಸರನ್ನು ದಪ್ಪಕ್ಷರದಲ್ಲಿ ಹಾಕದಿದ್ದರೆ ಸಂಘಟಕರು ಬೊಬ್ಬೆ ಹೊಡೆಯುತ್ತಾರೆ. ಹೆಣ್ಣಿನ ಹಾಗೆ ನಡೆದು ತೋರಿಸಿದವರಿಗೆ ಹೆಸರುಂಟು. ನನ್ನ ಫೋಲ್ಡರಿನ ನಿಜವಾದ ಹೆಣ್ಣುಗಳಿಗೆ ಒಬ್ಬರಿಗೂ ಹೆಸರಿಲ್ಲ. ಅವರ ಫೈಲಿನ ಹೆಸರು ಲೇಡಿ1, ಲೇಡಿ2, ಲೇಡಿ2ಫೈನಲ್.

ಹೆಸರಿಲ್ಲದ ಹುಡುಗಿಯರು ಅಂದಾಗ 2009 ನೆನಪಾಗುತ್ತದೆ. ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಲಿಲ್ಲ. ಜನವರಿ 24ರಂದು ಒಂದು ಗುಂಪಿನವರು ನಮ್ಮ ಊರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದರಲ್ಲ, ಟಿವಿ ಕ್ಯಾಮೆರಾಗಳು ಅಲ್ಲೇ ಇದ್ದವು. ಅಂಗಡಿಯ ಟಿವಿಯಲ್ಲಿ ವಾರಗಟ್ಟಲೆ ಅದೇ ಬಂತು. ಬಾಗಿಲಿಂದ ಓಡಿ ಬರುವುದು, ಕೂದಲು ಹಿಡಿದು ಎಳೆಯುವುದು, ಬೀಳುವುದು. ಮತ್ತೆ ಬೀಳುವುದು. ನಿಧಾನ ಮಾಡಿ ಬೀಳುವುದು. ಗೋಲ ಗೆರೆ ಹಾಕಿ ಬೀಳುವುದು. ಬ್ಯಾನರ್ ಒಯ್ಯಲು ಬಂದ ಗಿರಾಕಿಗಳು ನಿಂತು ನೋಡುತ್ತಿದ್ದರು. ನಮ್ಮ ಅಂಗಡಿಯಲ್ಲಿ ಎದ್ದ ಪ್ರಶ್ನೆ ಒಂದೇ. ಅವಳು ಅಲ್ಲಿಗೆ ಯಾಕೆ ಹೋದದ್ದು? ಹೊಡೆದವನು ಯಾಕೆ ಹೋದದ್ದು ಅಂತ ಯಾರೂ ಕೇಳಿದ ನೆನಪಿಲ್ಲ. ನಾನೂ ಕೇಳಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದೆವು, ಕ್ಯಾಮೆರಾ ತೋರಿಸುತ್ತಿದ್ದದ್ದು ಅವಳನ್ನೇ. ಇಡೀ ದೇಶ ಕಣ್ಣಾರೆ ಕಂಡ ಕೇಸು ಅದು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. ಹುಡುಗಿಯರು ಬೀಳುವ ವಿಡಿಯೋ ಈಗಲೂ ಹುಡುಕಿದರೆ ಸಿಗುತ್ತದೆ.

ನಮ್ಮ ಹುಡುಗಿ ಆಗ ಎಲ್.ಕೆ.ಜಿ.ಗೂ ಸೇರಿರಲಿಲ್ಲ. ಅವಳಿಗೆ ಇದನ್ನು ಹೇಳುವಾಗ, "ನೀವು ಟಿವಿ ಆಫ್ ಮಾಡ್ಲಿಲ್ವಾ?" ಅಂತ ಕೇಳಿದಳು. ಇಲ್ಲ, ಮಾಡಲಿಲ್ಲ.

ಅವಳು ಹೋಗುವ ಮೊದಲು ಒಂದು ಕೆಲಸ ಮಾಡಿದಳು. ಲೇಡೀಸ್ ಫೋಲ್ಡರನ್ನು ಒಡೆದಳು. ಡಾಕ್ಟರ್ ಹೆಂಗಸರನ್ನು ಹಾಸ್ಪಿಟಲ್‌ಗೆ, ಕೋಟು ಹಾಕಿದವರನ್ನು ಬ್ಯುಸಿನೆಸ್‌ಗೆ, ಹೀಗೆ ಹಂಚುತ್ತಾ ಹೋದಳು. ಅರ್ಧ ಗಂಟೆಯಲ್ಲಿ ಹಂಚುವುದು ಮುಗಿಯಿತು. ಉಳಿದವರನ್ನು ಎಲ್ಲಿ ಹಾಕುವುದು ಅಂತ ಗೊತ್ತಾಗಲಿಲ್ಲ. ಯಾಕೆಂದರೆ ಅವರು ಏನೂ ಮಾಡುತ್ತಿರಲಿಲ್ಲ. ಸುಮ್ನೆ ನಿಂತಿದ್ದರು, ಸುಮ್ನೆ ನಗುತ್ತಿದ್ದರು. ಮರುದಿನ ಓನರಿಗೆ ಅರ್ಜೆಂಟಾಗಿ ಒಬ್ಬಳು ಲೇಡಿ ಡಾಕ್ಟರ್ ಬೇಕಾಯಿತು, ಸಿಗಲಿಲ್ಲ. ಬೈದರು. ಎಲ್ಲವನ್ನೂ ವಾಪಸ್ ಲೇಡೀಸ್‌ಗೆ ತುಂಬಿದೆವು.

ಅದಾದ ಮೇಲೆ ಸೆಪ್ಟೆಂಬರಿನಲ್ಲಿ ಹೈವೇ ಬದಿಯ ಒಂದು ಹೊಸ ಮೀನೂಟದ ಹೋಟೆಲಿನವರು ಬಂದರು. ಒಳಗೋಡೆಗೆ 12 ಅಡಿ ಉದ್ದ, 8 ಅಡಿ ಎತ್ತರದ ಪ್ರಿಂಟ್. "ಮೀನು ಮಾರುವ ಹೆಂಗಸು ಬೇಕು ಮೇಡಂ. ನಮ್ಮ ಊರಿನ ಫೀಲ್ ಬರ್ಬೇಕು." ಫೋಲ್ಡರ್ ನೋಡಿದೆ. 18 ವರ್ಷದ ಫೋಲ್ಡರಿನಲ್ಲಿ ಮೀನು ಮಾರುವ ಹೆಂಗಸು ಒಬ್ಬಳೂ ಇಲ್ಲ, ಮಂಗಳೂರಿನ ಅಂಗಡಿಯಲ್ಲಿ!

ಮರುದಿನ ಬೆಳಿಗ್ಗೆ ಆರಕ್ಕೆ ದಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಹೋದೆ. ಮಳೆಗಾಲದ ಎರಡು ತಿಂಗಳ ರಜೆ ಮುಗಿದು ಬೋಟುಗಳು ಮತ್ತೆ ಇಳಿದಿದ್ದ ಸಮಯ. ಏಲಂ ಕೂಗುವ ಗೌಜಿ. ಅಲ್ಲಿ ಹೆಂಗಸರು ಗಂಡಸರ ನಡುವೆ ನುಗ್ಗಿ ಕೈ ಎತ್ತಿ ರೇಟು ಕೂಗುತ್ತಾರೆ, ಗೆದ್ದ ಬುಟ್ಟಿಯನ್ನು ಕಾಲಿನಲ್ಲಿ ಈಚೆ ಎಳೆದುಕೊಳ್ಳುತ್ತಾರೆ. ನಾನು ಯಾವಾಗಲೂ ಮೀನು ಕೊಳ್ಳುವ ಅಕ್ಕ ಸಿಕ್ಕಿದರು. ಫೋಟೋ ತೆಗೆಯಲಾ ಅಂತ ಕೇಳಿದೆ. "ತೆಗಿ. ನಂಗೆ ಕೆಲಸ ಉಂಟು, ನಾನು ನಿಲ್ಲುದಿಲ್ಲ," ಅಂದರು. (ಮಾತೆಲ್ಲ ತುಳುವಿನಲ್ಲಿ. ನಾನು ಇಲ್ಲಿ ಕನ್ನಡ ಮಾಡಿದ್ದೇನೆ, ಅರ್ಧ ಖಾರ ಹೋಯಿತು.)

ಅವರು ಕೂತಿದ್ದು ಮಗುಚಿ ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ. ಎದುರು ನೀಲಿ ಟಬ್, ಅದರಲ್ಲಿ ಐಸು, ಐಸಿನ ಮೇಲೆ ಬಂಗುಡೆ. ಮಡಿಲಿಗೆ ಗೋಣಿ. ಕೈಯಲ್ಲಿ ಕತ್ತಿ, ಹಲಗೆಯ ಮೇಲೆ ಒಂದು ಉದ್ದದ ಅಂಜಲ್. ಕತ್ತಿ ಬೆನ್ನಿನವರೆಗೆ ಇಳಿದು ನಿಂತಾಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. 'ಎಷ್ಟು ಬೇಕು, ಬೇಗ ಹೇಳು' ಅನ್ನುವ ನೋಟ. ನಾನು ಕ್ಲಿಕ್ ಮಾಡಿದೆ. ಹದಿನೆಂಟು ವರ್ಷದಲ್ಲಿ ನಾನು ತೆಗೆದ ಒಂದೇ ಒಳ್ಳೆಯ ಫೋಟೋ ಅದು ಅಂತ ಈಗಲೂ ನನ್ನ ಅಭಿಪ್ರಾಯ.

ಹೋಟೆಲಿನವರು ನೋಡಿದರು. ಬಹಳ ಹೊತ್ತು ನೋಡಿದರು. "ಚೆಂದ ಉಂಟು ಮೇಡಂ. ಆದ್ರೆ ಇವರನ್ನು ನೋಡಿದ್ರೆ ಚೌಕಾಸಿ ಮಾಡ್ಬೇಕು ಅನ್ನಿಸ್ತದೆ, ಊಟ ಮಾಡ್ಬೇಕು ಅನ್ನಿಸುದಿಲ್ಲ."

ಕೊನೆಗೆ ನೆಟ್ಟಿನಿಂದ ಅವರೇ ಒಂದು ಆರಿಸಿ ಕಳಿಸಿದರು. ಸೊಂಟದ ಮೇಲೆ ಬುಟ್ಟಿ, ಮುಡಿಯಲ್ಲಿ ಹೂ, ಹಿಂದೆ ಸೂರ್ಯ ಮುಳುಗುವ ಕಡಲು. ಮೀನು ಮಾರುವವಳು ಸೂರ್ಯ ಮುಳುಗುವವರೆಗೆ ಬುಟ್ಟಿ ತುಂಬ ಮೀನು ಉಳಿಸಿಕೊಂಡರೆ ಅವಳ ವ್ಯಾಪಾರ ಕೆಟ್ಟಿತು ಅಂತ ಅರ್ಥ, ಅದು ಬೇರೆ. ದೊಡ್ಡದು ಮಾಡಿ ನೋಡಿದರೆ ಬುಟ್ಟಿಯಲ್ಲಿದ್ದದ್ದು ಸಾಲ್ಮನ್. ಕಿತ್ತಳೆ ಬಣ್ಣದ ತುಂಡುಗಳು. ನಮ್ಮ ಕಡಲಲ್ಲಿ ಇಲ್ಲದ ಮೀನು, ನಮ್ಮ ದಕ್ಕೆಯಲ್ಲಿ ಇಲ್ಲದ ಹೆಂಗಸು. ಹೇಳಿದೆ. "ಯಾರಿಗೆ ಗೊತ್ತಾಗ್ತದೆ ಮೇಡಂ?" ಅಂದರು. ಮಂಗಳೂರಿನಲ್ಲಿ ಮೀನು ಯಾವುದು ಅಂತ ಯಾರಿಗೆ ಗೊತ್ತಾಗುತ್ತದೆ ಅಂತೆ! ಪ್ರಿಂಟ್ ಹಾಕಿ ಕೊಟ್ಟೆ.

ದಕ್ಕೆಯ ಅಕ್ಕನ ಫೋಟೋವನ್ನು ಸಣ್ಣದಾಗಿ ಒಂದು ಪ್ರಿಂಟ್ ತೆಗೆದು ಅವರಿಗೆ ಕೊಂಡುಹೋಗಿ ಕೊಟ್ಟೆ. ಕೈ ಒರೆಸಿಕೊಂಡು ಹಿಡಿದರು. ಮೊದಲು ನೋಡಿದ್ದು ಮೀನನ್ನು. "ಅಂಜಲ್ ಒಳ್ಳೆದು ಬಿದ್ದಿದೆ." ಆಮೇಲೆ ಕತ್ತಿಯನ್ನು. ಆಮೇಲೆ ತಮ್ಮ ಮುಖವನ್ನು. ಪಕ್ಕದವರನ್ನು ಕರೆದು ತೋರಿಸಿದರು. ಆಮೇಲೆ, "ಇದನ್ನು ಬೋರ್ಡ್ ಮಾಡಿ ಕೊಡ್ತಿಯಾ ಮಗಾ? ನಂಬರ್ ಹಾಕಿ. ಹೋಟೆಲಿನವರು, ಮದುವೆಯವರು ಎಲ್ಲ ಫೋನ್ ಮಾಡಿಯೇ ತಗೊಳ್ಳುದು ಈಗ. ಅಡಿಗೆ ಎಷ್ಟು?"

ಎರಡು ಅಡಿ, ಮೂರು ಅಡಿ ಅಂತ ಮಾತಾಯಿತು. ಅಂಗಡಿಗೆ ಬಂದು ಮಾಡಿದೆ. ಮೇಲೆ 'ತಾಜಾ ಮೀನು', ಎಡಕ್ಕೆ ಫೋಟೋ, ಕೆಳಗೆ ನಂಬರ್. ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿದೆ. ಅವರು ಬೆರಳಿಟ್ಟರು.

"ಇದ್ಯಾರು?"

ನೋಡಿದರೆ ಮೂಲೆಯಲ್ಲಿ, ನಂಬರಿನ ಪಕ್ಕ, ಹೆಡ್‌ಸೆಟ್ ಹುಡುಗಿ. ಯಾವಾಗ ಇಟ್ಟೆನೋ ನನಗೇ ನೆನಪಿಲ್ಲ. ಇಷ್ಟೆಲ್ಲ ಆದ ಮೇಲೆ, ಇಷ್ಟೆಲ್ಲ ಯೋಚನೆ ಮಾಡಿದ ಮೇಲೆ, ಕೈ ತಾನಾಗಿಯೇ ಹೋಗಿ ಅವಳನ್ನು ತಂದು ಅಲ್ಲಿ ಕೂರಿಸಿತ್ತು.

"ಅದು… ಫೋನ್ ತೆಗೆಯುವವಳು ಅಂತ…"

"ಫೋನ್ ನಾನೇ ತೆಗೆಯುದು," ಅಂದರು ಅಕ್ಕ.

ಅಲ್ಲೇ ನಿಂತು ಅವಳನ್ನು ತೆಗೆದೆ. ಅಕ್ಕ ಮತ್ತೊಮ್ಮೆ ನೋಡಿದರು. ರೇಟಿನಲ್ಲಿ 40 ರೂಪಾಯಿ ಇಳಿಸಿದರು. ಇನ್ನೇನು ಮುಗಿಯಿತು ಅನ್ನುವಾಗ, "ಮುಖ ಸ್ವಲ್ಪ ಬಿಳಿ ಮಾಡು ಮಗಾ," ಅಂದರು.

"ಅಕ್ಕ, ಹೀಗೇ ಚೆಂದ ಉಂಟು."

"ಚೆಂದ ಉಂಟು ಅಂತ ನಂಗೂ ಗೊತ್ತುಂಟು." ಕತ್ತಿಯ ತುದಿಯಿಂದ ನನ್ನ ಮುಖದ ಕಡೆ ತೋರಿಸಿದರು. "ನೀನು ಪೌಡರ್ ಹಾಕಿ ಬಂದಿದ್ದಿ ಅಲ್ವಾ?"

ಹಾಕಿ ಬಂದಿದ್ದೆ.

ಅಂಗಡಿಗೆ ಹೋಗಿ ಸಯಾನ್ ಎರಡು ಪಾಯಿಂಟ್ ಇಳಿಸಿದೆ. ಎರಡೇ ಪಾಯಿಂಟ್. ನನ್ನಂಥ ಕೆಲಸದವರಿಗೂ ಗೊತ್ತಾಗಲಿಕ್ಕಿಲ್ಲ. ಕಳಿಸಿ ಒಂದು ನಿಮಿಷ ಆಗಿರಲಿಲ್ಲ, ಅಕ್ಕನ ಫೋನ್ ಬಂತು.

"ಇನ್ನೂ ಸ್ವಲ್ಪ," ಅಂದರು.